ಮಾರಲಿಕ್ಕಲ್ಲದ ಬೆಲೆ

ಗಂಭೀರವಾದ ವಿಷಯವೊಂದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಆ ಅಂಗಡಿಯ ಗಾಜಿನ ಕಪಾಟಿನಲ್ಲಿ, ನಡುವಿನ ಹಲಗೆಯ ಮೇಲಿದ್ದ ಕ್ಯಾಮೆರಾದ ಬೆಲೆಚೀಟಿಯನ್ನು ಹನ್ನೊಂದು ವರ್ಷಗಳಿಂದ ಯಾರೂ ಬದಲಿಸಿರಲಿಲ್ಲ. ಉಳಿದ ಚೀಟಿಗಳು ಆರು ತಿಂಗಳಿಗೊಮ್ಮೆ ಹೊಸದಾಗುತ್ತಿದ್ದವು. ಇದೊಂದು ಮಾತ್ರ ಹಳದಿ ತಿರುಗಿ, ಅಂಚು ಸುರುಳಿ ಸುತ್ತಿಕೊಂಡು, ಒಂದು ಲಕ್ಷ ಎಂದು ಹೇಳುತ್ತ ಕೂತಿತ್ತು.

ಬರೆದವರು ಅಂಗಡಿಯ ಯಜಮಾನರು. ಊರಿಗೆಲ್ಲ ಕ್ಯಾಮೆರಾ ಡಾಕ್ಟ್ರು. ಬರೆದದ್ದು ಯಾರಾದರೂ ಕೊಳ್ಳಲಿ ಎಂದಲ್ಲ, ಯಾರೂ ಕೇಳದಿರಲಿ ಎಂದು. ಆಗ ಅಂಥದ್ದು ಇಪ್ಪತ್ತು ಸಾವಿರಕ್ಕೆ ಸಿಗುತ್ತಿತ್ತು. ಐದು ಪಟ್ಟು ಬರೆದರೆ ಹುಚ್ಚನೂ ಹತ್ತಿರ ಸುಳಿಯಲಾರ ಎಂಬುದು ಅವರ ಲೆಕ್ಕ. ಅವರಿಗೆ ಅದು ಕೆಲಸಕ್ಕೆ ಬೇಕಿತ್ತು. ಅದರ ಶಟರಿನ ಒಂದು ಸೆಕೆಂಡು ಎಂದರೆ ನಿಜವಾಗಿಯೂ ಒಂದು ಸೆಕೆಂಡು. ರಿಪೇರಿಗೆ ಬಂದದ್ದನ್ನು ಒಂದು ಕಿವಿಗೆ, ಇದನ್ನು ಇನ್ನೊಂದು ಕಿವಿಗೆ ಹಿಡಿದು ಸದ್ದಿಗೆ ಸದ್ದು ಹೊಂದಿಸುತ್ತಿದ್ದರು. ಅಳೆಯುವ ಯಂತ್ರವೂ ಇತ್ತು. ಅದರ ಮೇಲೆ ನಂಬಿಕೆ ಇರಲಿಲ್ಲ.

“ಮಾರೋದಿಲ್ಲ ಅಂದ್ಮೇಲೆ ಒಳಗಿಡು,” ಎಂದು ಗಲ್ಲಾದಲ್ಲಿ ಕೂರುವ ಅವರ ಅಕ್ಕ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

“ಅಂಗಡಿಗೆ ಅದೇ ಮುಖ ಕಣೇ. ಮುಖಾನ ಯಾರಾದ್ರೂ ಒಳಗಿಡ್ತಾರಾ?”

ಅವತ್ತು ಬೆಳಿಗ್ಗೆ ಟೋಪಿ ಹಾಕಿಕೊಂಡವನೊಬ್ಬ ಬಂದು, ಕೆಳಗಿನ ಹಲಗೆಯ ಕ್ಯಾಮೆರಾವೊಂದಕ್ಕೆ ಚೌಕಾಸಿ ಶುರು ಮಾಡಿದ.

“ಹಳೇದಲ್ವಾ ಸಾರ್, ಸ್ವಲ್ಪ ನೋಡಿ ಹೇಳಿ.”

“ಹಳೇದು ಅಂತಾನೇ ಆ ಬೆಲೆ. ಹೊಸದು ತಗೊಳ್ಳಿ, ಬಾಗಿಲು ದಾಟೋ ಹೊತ್ತಿಗೆ ಅರ್ಧಕ್ಕೆ ಇಳಿದಿರುತ್ತೆ. ಇದಕ್ಕೆ ಅರವತ್ತು ವರ್ಷ. ಇನ್ನೂ ಮೇಲೇ ಹೋಗ್ತಿದೆ.”

“ಆದ್ರೂ ಚೀಟೀಲಿರೋದೇ ಕೊನೇನಾ?”

“ಚೀಟಿ ಬರೆಯೋವರೆಗೆ ನಾನು ಯಜಮಾನ. ಬರೆದ್ಮೇಲೆ ನಾನೂ ನಿಮ್ಮ ಹಾಗೇನೇ. ಗಿರಾಕಿ ಎದುರಿಗಿರೋವಾಗ ಇಳಿಸೋದೂ ಇಲ್ಲ, ಏರಿಸೋದೂ ಇಲ್ಲ. ಮೂವತ್ತು ವರ್ಷದಿಂದ ಹೀಗೇ.”

“ಭಾಷಣ ಮುಗಿದ್ರೆ ಬಿಲ್ ಬರೀತೀನಿ,” ಅಂದಳು ಅಕ್ಕ.

ಟೋಪಿಯವನು ತೆಪ್ಪಗೆ ದುಡ್ಡು ಕೊಟ್ಟ. ಅವನ ಹಿಂದೆ ಹೆಂಗಸೊಬ್ಬಳು ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೂಟಿಗೆ ಕೆಸರು, ಹೆಗಲಿಗೆ ಮುಕ್ಕಾಲಿಯ ಚೀಲ. ಜಮೀನು ಅಳೆಯುವ ಸರ್ವೇಯರ್. ನಡುವಿನ ಹಲಗೆಯತ್ತ ಬೆರಳು ತೋರಿಸಿದಳು.

“ಅದನ್ನ ಕೊಡಿ.”

ಡಾಕ್ಟ್ರು ಕಪಾಟಿಗೆ ಅಡ್ಡ ಬಂದು ನಿಂತರು. ಹೋದ ತಿಂಗಳು ಅಂಥದ್ದೇ ಒಂದು ಹರಾಜಿನಲ್ಲಿ ಮೂರೂವರೆ ಲಕ್ಷಕ್ಕೆ ಹೋದ ಸುದ್ದಿಯನ್ನು ಅಕ್ಕನಿಗೆ ಓದಿ ಹೇಳಿ ಬೀಗಿದವರು ಅವರೇ. ಒಂದು ಲಕ್ಷದ ತಮ್ಮ ಬೇಲಿ ಎತ್ತರವಾಗಿಯೇ ಇದೆ ಎಂದುಕೊಂಡಿದ್ದರು. ಸುತ್ತಲಿನ ನೆಲವೇ ಬೇಲಿಗಿಂತ ಮೇಲೆದ್ದದ್ದು ಗಮನಕ್ಕೆ ಬಂದಿರಲಿಲ್ಲ.

“ಅದರ ಮೈಮೇಲಿನ ತೊಗಲು ಎದ್ದಿದೆ,” ಅಂದರು.

“ಅಂಟಿಸ್ಕೋತೀನಿ.”

“ಫೋಟೋದ ಮೂಲೇಲಿ ಮಸುಕು ಬರುತ್ತೆ.”

“ಕೆಲಸದಲ್ಲಿ ಮೂಲೆಗಳನ್ನ ಬೇಕಾದಷ್ಟು ಸ್ಪಷ್ಟವಾಗಿ ನೋಡ್ತೀನಿ. ರಜೆ ದಿನ ಮಸುಕಾಗಿರ್ಲಿ ಬಿಡಿ.”

“ಒಳಗಿನ ಒಂದು ಹಲ್ಲುಚಕ್ರ ಅಸಲಿ ಅಲ್ಲ. ಗೋಡೆ ಗಡಿಯಾರದ ಹಿತ್ತಾಳೇಲಿ ಮಾಡಿದ್ದು.”

“ಯಾರು ಮಾಡಿದ್ದು?”

“ನಾನೇ.”

“ಚೆನ್ನಾಗಿ ಮಾಡಿಲ್ವಾ?”

ಡಾಕ್ಟ್ರು ಸುಳ್ಳು ಹೇಳಬಹುದಿತ್ತು. ಆದರೆ ಆ ಚಕ್ರ ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ಹಲ್ಲು ತಪ್ಪಿರಲಿಲ್ಲ. “ಅದಕ್ಕಿಂತ ಚೆನ್ನಾಗಿ ಯಾರಿಂದಲೂ ಆಗಲ್ಲ,” ಅಂದರು. ಅಂದಮೇಲೆ ನಾಲಿಗೆ ಕಚ್ಚಿಕೊಂಡರು.

ಸರ್ವೇಯರ್ ಚೀಲ ಕೆಳಗಿಟ್ಟಳು. “ನೋಡಿ, ಮುಚ್ಚುಮರೆ ಯಾಕೆ. ಇದರ ಈಗಿನ ಬೆಲೆ ನನಗೆ ಗೊತ್ತು. ನಿಮ್ಮ ಮಾತು ಕೇಳಿರದಿದ್ರೆ ಬಾಯಿ ತೆಗೀತಾನೇ ಇರ್ಲಿಲ್ಲ. ಕೊಡಲ್ಲ ಅಂದ್ರೆ ಈಗ್ಲೂ ಹೊರಡ್ತೀನಿ, ಬೇಜಾರಿಲ್ಲ.”

“ಕೊಡಲ್ಲ ಅಂದ್ಬಿಡೋ,” ಅಂದಳು ಅಕ್ಕ. “ಯಾರೂ ನಿನ್ನ ಗಲ್ಲಿಗೆ ಹಾಕಲ್ಲ.”

ಡಾಕ್ಟ್ರು ಬಾಯಿ ತೆರೆದರು. ಬಾಗಿಲ ಬಳಿ ತನ್ನ ಕ್ಯಾಮೆರಾಕ್ಕೆ ಬಟ್ಟೆ ಸುತ್ತುತ್ತಿದ್ದ ಟೋಪಿಯವನು ಅಲ್ಲಿಂದಲೇ, ಬಹಳ ವಿನಯದಿಂದ, “ಹಾಗಾದ್ರೆ ನಂದ್ರಲ್ಲೂ ಒಂದೈನೂರು ವಾಪಸ್ ಕೊಡಿ ಸಾರ್,” ಅಂದ.

ಡಾಕ್ಟ್ರು ತೆರೆದ ಬಾಯಿ ಮುಚ್ಚಿ, ಕೀಲಿಕೈ ತೆಗೆದು, ಕಪಾಟಿನ ಬಾಗಿಲು ಸರಿಸಿದರು. ಕ್ಯಾಮೆರಾವನ್ನು ಒಮ್ಮೆ ಕಿವಿಗೆ ಹಿಡಿದು ಗುಂಡಿ ಒತ್ತಿದರು. ಒಂದು ಸೆಕೆಂಡು ಕಳೆಯಿತು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

“ತೊಗಲು ನೀವು ಅಂಟಿಸೋದು ಬೇಡ,” ಅಂದರು. “ಹತ್ತು ನಿಮಿಷ ಕೂತ್ಕೊಳ್ಳಿ.”

ಅವರು ಅಂಟಿಸಿದರು, ಲೆನ್ಸ್ ಒರೆಸಿದರು, ದಪ್ಪ ಬಟ್ಟೆಯಲ್ಲಿ ಸುತ್ತಿದರು. ಅಕ್ಕ ತಡೆಯಲಾರದೆ ಕೇಳಿದಳು: “ನಾಳೆಯಿಂದ ಯಾವುದನ್ನ ನೋಡಿ ಹೊಂದಿಸ್ತೀಯೋ?”

“ಕಿವಿ ನನ್ನ ಹತ್ರಾನೇ ಇದೆಯಲ್ಲ. ಅದಕ್ಕೆ ಚೀಟಿ ಅಂಟಿಸಿಲ್ಲ.”

ಕ್ಯಾಮೆರಾ ಒಂದು ಲಕ್ಷಕ್ಕೆ ಮಾರಾಟವಾಯಿತು.