ಆರು ದಿನದ ಮುಯ್ಯಿ

ಶ್ರಾವಣದ ಎರಡನೆಯ ವಾರ. ಜಿಟಿಜಿಟಿ ಮಳೆಗೆ ನೆನೆದ ಕರಿಮಣ್ಣು ಕಾಲಿಗೆ ಅಂಟುತ್ತಿತ್ತು. ಮುನವಳ್ಳಿ ರಸ್ತೆಯ ಬದಿಯಲ್ಲಿ ಸೀತವ್ವ ಕುಕ್ಕರುಗಾಲಲ್ಲಿ ಕುಳಿತು ಕಾಂಗ್ರೆಸ್ ಕಸ ಕೀಳುತ್ತಿದ್ದಳು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು, ಮೂಗಿಗೆ ಸೆರಗು. ಬರಿಗೈಯಲ್ಲಿ ಮುಟ್ಟಿದರೆ ಎರಡು ದಿನ ತುರಿಕೆ. ಕಿತ್ತ ಪ್ರತಿ ಗಿಡದ ತುದಿಯನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು. ಬಿಳಿ ಮೊಗ್ಗು ಕಂಡರೆ ಅದನ್ನು ಬುಟ್ಟಿಗೆ ಹಾಕದೆ ಬೇರೆ ಗುಡ್ಡೆಗೆ ಎಸೆಯುತ್ತಿದ್ದಳು. ಒಣಗಿದ ಮೇಲೆ ಅದನ್ನು ಸುಡಬೇಕು.

ಅವಳ ಹಿತ್ತಲಿನಲ್ಲಿ ಗೋಬರ್ ಗ್ಯಾಸಿನ ಗುಂಡಿ ಇತ್ತು, ಗಂಡ ಪರಪ್ಪ ಇದ್ದಾಗ ಕಟ್ಟಿಸಿದ್ದು. ಅವನು ಹೋಗಿ ಒಂಬತ್ತು ವರ್ಷ. ಮಕ್ಕಳಾಗಲಿಲ್ಲ. ಉಳಿದಿದ್ದ ಒಂದು ಎಮ್ಮೆಯೂ ಸತ್ತ ಮೇಲೆ ಗುಂಡಿ ತಣ್ಣಗಾಯಿತು. ಕಾಂಗ್ರೆಸ್ ಕಸವನ್ನು ಸಣ್ಣಗೆ ಹೆಚ್ಚಿ ಸಗಣಿಯೊಂದಿಗೆ ಕಲಸಿ ಹಾಕಿದರೂ ಉರಿ ಬರುತ್ತದೆ ಎಂದು ಸವದತ್ತಿಯಲ್ಲಿ ರೈತರ ಸಭೆಗೆ ಬಂದಿದ್ದ ಒಬ್ಬರು ಹೇಳಿದ್ದರು. ಮೊದಲಿಗೆ ಹೆಪ್ಪು ಹಾಕಿದ ಹಾಗೆ ಹಲವು ಬುಟ್ಟಿ ಸಗಣಿ ಬೇಕು, ಕಸವನ್ನು ಹೂ ಬಿಡುವ ಮೊದಲೇ ಕೀಳಬೇಕು ಎಂದೂ ಹೇಳಿದ್ದರು. ಆ ಕೊನೆಯ ಮಾತನ್ನು ಸೀತವ್ವ ಅಷ್ಟಾಗಿ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಹೆಪ್ಪಿಗೆ ಸಗಣಿ ಕೊಟ್ಟವಳು ಪಕ್ಕದ ಮನೆಯ ಅನ್ವರಬಿ. ಹನ್ನೆರಡು ಬುಟ್ಟಿ.

"ರೊಕ್ಕದ ಮಾತ ಎತ್ತಬ್ಯಾಡ. ಎರಡ ಬುಟ್ಟಿಗೆ ಒಂದ ಆಳು. ಆರ ದಿನ ನನ್ನ ಹೊಲಕ್ಕ ಮುಯ್ಯಿ ಬಾ," ಅಂದಿದ್ದಳು ಅನ್ವರಬಿ. "ಕರದಾಗ ಬರಬೇಕ ಮತ್ತ. ಸೊಂಟಾ ನೋಯಾಕ ಹತ್ತೇತಿ ಅನ್ನಂಗಿಲ್ಲ."

"ನಿನ್ನ ಹೊಲದಾಗ ನನ್ನ ಸೊಂಟಾ ಯಾವಾಗ ನೊಂದೈತಿ, ಯಕ್ಕಾ? ನಿನ್ನ ಚಾ ಕುಡದ ಹೊಟ್ಟಿ ನೊಂದಿದ್ದು ಖರೆ."

ಮುಯ್ಯಿ ಅಂದರೆ ಕೊಟ್ಟದ್ದಕ್ಕೆ ಮೈಮುರಿದು ದುಡಿದು ತೀರಿಸುವುದು. ದಿನ ಗೊತ್ತು ಮಾಡುವುದು ಕೊಟ್ಟವರ ಕೈಯಲ್ಲಿ. ಕರೆಯದೆ ಹೋಗಿ ದುಡಿದರೆ ಅವರ ಮುಖಕ್ಕೆ ಎಸೆದು ಬಂದಂತೆ.

ಇಪ್ಪತ್ತು ದಿನಕ್ಕೆ ಒಲೆಯಲ್ಲಿ ನೀಲಿ ಉರಿ ಬಂತು. ಮೊದಲ ಚಹಾ ಕುಡಿದವಳು ಅನ್ವರಬಿ. ಆಮೇಲೆ ದಿನಾ ಸಂಜೆ ಬಂದು ಹೊಸ್ತಿಲ ಬಳಿ ಕೂತು, "ತಾ, ಕಸದ ಚಾ," ಅನ್ನುತ್ತಿದ್ದಳು. ಗುಂಡಿಯಿಂದ ಹೊರಬಂದ ಬಗ್ಗಡವನ್ನು ಸೀತವ್ವ ಅವಳ ಉಳ್ಳಾಗಡ್ಡಿ ಹೊಲಕ್ಕೆ ಹೊತ್ತು ಹಾಕಿದಳು. ಅದು ಮುಯ್ಯಿಗೆ ಸೇರಿದ್ದಲ್ಲ, ತಾನಾಗಿ ಮಾಡಿದ್ದು.

ತಪ್ಪಾದದ್ದು ಅಲ್ಲೇ. ಹೂ ಬಿಟ್ಟ ಗಿಡ ಎತ್ತರ ಇರುತ್ತದೆ, ನಾಲ್ಕು ಹಿಡಿಗೆ ಬುಟ್ಟಿ ತುಂಬುತ್ತದೆ. ಸೀತವ್ವ ಅಂಥವನ್ನೇ ಆರಿಸಿ ತಂದಿದ್ದಳು. ಬೀಜ ಗುಂಡಿಯಲ್ಲಿ ಕೊಳೆತುಹೋಗುತ್ತದೆ ಅಂದುಕೊಂಡಿದ್ದಳು. ಎಲ್ಲವೂ ಕೊಳೆತಿರಲಿಲ್ಲ. ಹೋದ ವರ್ಷ ಮುಂಗಾರಿಗೆ, ಬಗ್ಗಡ ಬಿದ್ದಲ್ಲೆಲ್ಲ, ಉಳ್ಳಾಗಡ್ಡಿಗಿಂತ ಮೊದಲು ಕಾಂಗ್ರೆಸ್ ಕಸ ಎದ್ದಿತು. ಮೂವತ್ತು ವರ್ಷ ಅನ್ವರಬಿ ಆ ಕಸದ ಒಂದು ಕುಡಿಯನ್ನೂ ಬದು ದಾಟಲು ಬಿಟ್ಟಿರಲಿಲ್ಲ. ಅವಳು ಬಂದು ಜಗಳ ಆಡಲಿಲ್ಲ. ಸಂಜೆ ಬರುವುದನ್ನು ಬಿಟ್ಟಳು. ಪಗಾರ ಕೊಟ್ಟು ಊರ ಹೆಂಗಸರಿಂದ ಕಸ ತೆಗೆಸಿದಳು. ಆರು ದಿನ ಬಾಕಿ ಇದ್ದ ಸೀತವ್ವನನ್ನು ಕರೆಯಲಿಲ್ಲ.

ಅಂದಿನಿಂದ ಅನ್ವರಬಿಯನ್ನು ಸಗಣಿ ಕೇಳಲಾಗದೆ ಸೀತವ್ವ ಬೆಳಿಗ್ಗೆ ಮೇಯಲು ಹೋಗುವ ದನಗಳ ಹಿಂದೆ ಬುಟ್ಟಿ ಹಿಡಿದು ನಡೆದು ಸಗಣಿ ಆಯುತ್ತಾಳೆ. ಒಂದು ಲೋಟ ಚಹಾಕ್ಕೆ, ಎರಡು ರೊಟ್ಟಿಗೆ ಆಗುವಷ್ಟು ಉರಿ ಬರುತ್ತದೆ. ಇಡೀ ದಿನ ಯಾರೊಡನೆಯೂ ಮಾತಿಲ್ಲದೆ ಕಳೆದು, ಸಂಜೆ ಒಲೆ ಹಚ್ಚುವಾಗ ಉರಿಗೆ "ಬಂದ್ಯಾ" ಅಂದು, ತನ್ನ ದನಿ ತನಗೇ ಒರಟಾಗಿ ಕೇಳಿದ್ದೂ ಉಂಟು.

ಈಗ ರಸ್ತೆಯ ಬದಿಯಲ್ಲಿ ಕಸದ ಬುಟ್ಟಿ ತುಂಬುವ ಹೊತ್ತಿಗೆ ಅನ್ವರಬಿಯ ಸೊಸೆ ಸಾಯಿಮಾ ಬಂದು ರಸ್ತೆಯಲ್ಲಿ ನಿಂತಳು.

"ಚಿಗವ್ವಾ, ನಾಳೆ ಉಳ್ಳಾಗಡ್ಡ್ಯಾಗ ಕಸಾ ತಗಿಯೂದೈತಿ. ಬರತಾರೇನ ಕೇಳ್ಕೊಂಡ ಬಾ ಅಂದ್ರು ಅತ್ತಿ."

ಸೀತವ್ವ ಸೆರಗನ್ನು ಮೂಗಿನಿಂದ ಕೆಳಗೆ ಸರಿಸಿದಳು. "ಮುಯ್ಯಿಗೋ, ಪಗಾರಕ್ಕೋ?"

"ಅದನ್ನೇನ ಹೇಳಿಲ್ರಿ. ಆಳು ಕಡಿಮಿ ಬಿದ್ದಾವು ಅಂದ್ರು."

"ಬರತೇನಿ ಅಂತ ಹೇಳು."

ಮರುದಿನ ಐದು ಹೆಂಗಸರು ಸಾಲು ಹಿಡಿದರು. ಸೀತವ್ವ ಕೊನೆಯ ಸಾಲು ಹಿಡಿದಳು. ಪಕ್ಕದ ಸಾಲಿನ ಶಟ್ಟೆವ್ವ ಕಳೆ ಕೀಳುವ ಕುರುಪಿ ಆಡಿಸುತ್ತಲೇ ಅಂದಳು: "ಏನ ಸೀತವ್ವಾ, ಬಿತ್ತಿದಾಕಿನೇ ಕೀಳಾಕ ಬಂದೀಯಲ್ಲ?"

ಹೆಂಗಸರು ನಕ್ಕರು. ಬದುವಿನ ಮೇಲೆ ಕೂತಿದ್ದ ಅನ್ವರಬಿ ನಗಲಿಲ್ಲ.

"ಬಿತ್ತಿದಾಕಿಗೇ ಬೇರ ಎಲ್ಲೈತಿ ಗೊತ್ತಿರತೈತಿ," ಅಂದಳು ಸೀತವ್ವ. ಮತ್ತೆ ತಲೆ ಎತ್ತಲಿಲ್ಲ. ಉಳ್ಳಾಗಡ್ಡಿಯ ಬುಡ ಅಲುಗದ ಹಾಗೆ ಎರಡು ಬೆರಳು ಇಳಿಸಿ, ಕಸದ ಬೇರನ್ನು ಎಳೆ ಉಳಿಯದಂತೆ ಎಳೆದಳು. ಮಧ್ಯಾಹ್ನ ಅನ್ವರಬಿ ಎಲ್ಲರಿಗೂ ಚಹಾ ಕೊಟ್ಟಳು. ಸೀತವ್ವನ ಲೋಟವನ್ನು ಕೈಗೆ ಕೊಡದೆ ಬದುವಿನ ಮೇಲಿಟ್ಟಳು.

ಸಂಜೆ ಹೆಂಗಸರು ಕೈಕಾಲು ತೊಳೆದು ಬದುವಿನ ಬಳಿ ನಿಂತರು. ಅನ್ವರಬಿ ಸಣ್ಣ ಚೀಲ ಬಿಚ್ಚಿ ಒಬ್ಬೊಬ್ಬರಿಗೇ ಪಗಾರ ಕೊಡುತ್ತ ಬಂದಳು. ಕೊನೆಯಲ್ಲಿ ನಿಂತಿದ್ದ ಸೀತವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿದಳು, ಮತ್ತೆ ಒರೆಸಿದಳು. ನೋಟು ಕೈಗೆ ಬಂದರೆ ತಾನೂ ಊರ ಆಳುಗಳಲ್ಲಿ ಒಬ್ಬಳು. ಆ ಆರು ದಿನ ಇನ್ನು ತೀರುವುದೇ ಇಲ್ಲ. ಬೇಡ ಅನ್ನಲು ಬಾಯಿ ಬರುವುದಿಲ್ಲ.

ಅನ್ವರಬಿ ಅವಳ ಮುಂದೆ ನಿಂತಳು. ಅವಳ ಕೊನೆಯ ಸಾಲನ್ನು ಉದ್ದಕ್ಕೂ ನೋಡಿದಳು. ಚೀಲದ ಬಾಯಿ ಮುಚ್ಚಿದಳು.

"ಐದ ಉಳದ್ವು," ಅಂದಳು.

"ಹೂಂ," ಅಂದಳು ಸೀತವ್ವ.

"ಅಕೀಗೆ ಯಾಕ ಕೊಡವಲ್ಲಿ?" ಶಟ್ಟೆವ್ವ ಕೇಳಿದಳು.

"ನಿನ್ನ ಕೈಯಾಗಿಂದು ಎಣಿಸ್ಕೊಂಡ ಮನಿ ಹಿಡಿ ನೀ."

ಹೆಂಗಸರು ಹೋದ ಮೇಲೆ ಸೀತವ್ವ ಮೆಲ್ಲಗೆ ಕೇಳಿದಳು. "ನಾಳೆ ಬರ್ಲೇನ, ಯಕ್ಕಾ?"

"ಕರದಾಗ ಬಾ." ಅನ್ವರಬಿ ತಿರುಗಿ ನೋಡದೆ ತನ್ನ ಮನೆಯ ದಾರಿ ಹಿಡಿದಳು.

ಮನೆಗೆ ಬಂದು ಸೀತವ್ವ ನಿನ್ನೆಯ ಕಸ ಹೆಚ್ಚಿ ಕಲಸಿ ಗುಂಡಿಗೆ ಸುರಿದಳು. ಒಲೆ ಹಚ್ಚಿ ಒಂದು ಲೋಟ ನೀರಿಟ್ಟಳು. ಪಕ್ಕದ ಮನೆಯಲ್ಲಿ ಎಮ್ಮೆಗೆ ನೀರು ಕುಡಿಸುವ ಸದ್ದು ಕೇಳುತ್ತಿತ್ತು. ಈ ಹಂಗಾಮಿಗೆ ಎರಡು ದಿನ ಕರೆದರೆ ಮುಂದಿನ ವರ್ಷಕ್ಕೆ ಮೂರು ಉಳಿಯುತ್ತವೆ. ಒಂದೇ ದಿನ ಕರೆದರೆ ನಾಲ್ಕು. ಬೇಗ ತೀರದಿದ್ದರೆ ಸಾಕು ಅಂದುಕೊಂಡು ಅವಳು ಉರಿಯನ್ನು ಸಣ್ಣ ಮಾಡಿದಳು.