ಅಂಟು ಹುಳಿಯದ ಮನೆ

ಅಹಮದಾಬಾದಿನ ಜಮಾಲ್‌ಪುರದ ಚಾಳದಲ್ಲಿ ವೈಶಾಖ ಬಂತೆಂದರೆ ಜೇತುನ್‌ಬೆನ್‌ಗೆ ಪೀಕಲಾಟ. ಗಾಳಿಪಟ ಮಾಡುವ ಮನೆ. ಫ್ಯಾನ್ ಹಾಕಿದರೆ ಕಾಗದ ಹಾರುತ್ತದೆ, ಹಾಕದಿದ್ದರೆ ಮನುಷ್ಯರು ಬೇಯುತ್ತಾರೆ. ಸಂಕ್ರಾಂತಿಯ ಉತ್ತರಾಯಣ ಹಬ್ಬದಲ್ಲಿ ಊರೆಲ್ಲ ಹಾರಿಸುವ ಪಟಗಳು ತಯಾರಾಗಬೇಕಾದ್ದು ಈ ಉರಿಬಿಸಿಲಲ್ಲೇ. ಹಾಗಾಗಿ ಫ್ಯಾನೂ ಬಂದ್, ಬಾಗಿಲೂ ಬಂದ್.

ಸೊಸೆ ತಸ್ಲೀಮ್ ಏಳು ತಿಂಗಳ ಬಸುರಿ. ನಿನ್ನೆ ಮಧ್ಯಾಹ್ನ ಪಟಕ್ಕೆ ಕಡ್ಡಿ ಅಂಟಿಸುತ್ತ ಕೂತವಳು ಹಾಗೇ ವಾಲಿಬಿದ್ದಿದ್ದಳು. ಆಸ್ಪತ್ರೆಯ ನರ್ಸು, "ಸದ್ಯ ಮಗು ಚೆನ್ನಾಗಿದೆ. ಇವಳನ್ನ ತಂಪಲ್ಲಿ ಇಡಿ" ಎಂದು ಕಳಿಸಿದ್ದಳು. ತಂಪು ಎಲ್ಲಿಂದ ತರುವುದು? ತಲೆ ಮೇಲೆ ಸಿಮೆಂಟ್ ಶೀಟು, ಅದರ ಮೇಲೆ ಮಳೆ ಸೋರದಿರಲೆಂದು ಹೊದಿಸಿದ ಕರಿ ತಾಡಪತ್ರಿ.

ಇದರ ನಡುವೆ ಇನ್ನೊಂದು ವಿಷಯವೂ ಜೇತುನ್‌ಬೆನ್ ತಲೆ ಕೊರೆಯುತ್ತಿತ್ತು. ಅವಳ ಮೈದಾ ಅಂಟು ಮಧ್ಯಾಹ್ನದೊಳಗೆ ಕೆನೆಗಟ್ಟಿ ಹುಳಿ ವಾಸನೆ ಹೊಡೆಯುತ್ತಿತ್ತು. ಎದುರು ಮನೆಯ ಹಂಸಾಬೆನ್ ಮಾತ್ರ ಬೆಳಿಗ್ಗೆ ಕುದಿಸಿದ ಅಂಟನ್ನೇ ಸಂಜೆವರೆಗೆ ಬಳಸುತ್ತಿದ್ದಳು. ಏನೋ ಗುಟ್ಟಿರಲೇಬೇಕು! ತಡೆಯಲಾರದೆ ಅವಳ ಹೊಸಿಲಿಗೆ ಹೋಗಿ ನಿಂತಳು.

"ಅಂಟು ಕೆಡದಿರಲಿ ಅಂತ ಮೈಲುತುತ್ತ ಜಾಸ್ತಿ ಹಾಕ್ತೀಯಾ?"

"ನೀನು ಹಾಕೋಷ್ಟೇ."

"ಸುಳ್ಳು! ನಿನ್ನ ಗುಟ್ಟು ಕದ್ದು ನಾನೇನು ಅರಮನೆ ಕಟ್ತೀನಾ?"

"ಒಳಗೆ ಬಾರೇ ತಾಯಿ," ಎಂದು ಹಂಸಾಬೆನ್ ನಕ್ಕಳು.

ಅಲ್ಲೂ ಫ್ಯಾನ್ ನಿಂತಿತ್ತು. ಆದರೂ ಉಸಿರು ಕಟ್ಟಲಿಲ್ಲ. ಜೇತುನ್‌ಬೆನ್ ಗೋಡೆಯನ್ನೆಲ್ಲ ಕಣ್ಣಲ್ಲೇ ತಡಕಾಡಿದಳು. "ಏಸಿ ಎಲ್ಲಿ ಬಚ್ಚಿಟ್ಟಿದ್ದೀಯ?"

"ನಮಗೆಲ್ಲಿಯ ಏಸಿ! ಸೂರಿಗೆ ಬಿಳಿ ಬಣ್ಣ ಬಳಿದಿದ್ದೀವಿ. ಮಹಿಳಾ ಸಂಘದಲ್ಲಿ ಹೇಳಿಕೊಟ್ರು."

"ಮೇಲೆ ಬಳಿದ್ರೆ ಕೆಳಗೆ ಹ್ಯಾಗೆ ತಂಪಾಗುತ್ತೆ?"

"ಬಿಸಿಲಲ್ಲಿ ಕರಿ ಬಟ್ಟೆ ಹೆಚ್ಚು ಸುಡುತ್ತಾ, ಬಿಳೀದಾ? ಕರಿ ತಾಡಪತ್ರಿ ಬಿಸಿಲನ್ನ ಹೀರ್ಕೊಂಡು ನಮ್ಮ ತಲೆ ಮೇಲೆ ಸುರಿಯುತ್ತೆ. ಬಿಳಿ ಸೂರು ಬಂದ ದಾರೀಲೇ ವಾಪಸ್ ಕಳಿಸುತ್ತೆ. ಲೋಕದ ಹವೆನೇ ಕಾವೇರ್ತಿದೆ. ಊರಲ್ಲಿ ಮರ ಹೋಗಿ ಬರೀ ಸಿಮೆಂಟು. ರಾತ್ರಿನೂ ತಣಿಯಲ್ಲ. ನಾವೇ ಏನಾದ್ರೂ ಮಾಡ್ಕೋಬೇಕು."

"ಕತೆ ಬೇಡ. ನಾಳೆ ನಿನ್ನ ಅಂಟು ನನ್ನ ಮನೇಲಿ, ನನ್ನದು ನಿನ್ನ ಮನೇಲಿ. ನೋಡೇ ಬಿಡೋಣ!"

ಮರುದಿನ ಎರಡು ಬಟ್ಟಲು ಅದಲುಬದಲಾದವು. ಮಧ್ಯಾಹ್ನದ ಹೊತ್ತಿಗೆ ಹಂಸಾಬೆನ್ನಳ ಅಂಟು ಜೇತುನ್‌ಬೆನ್ ಮನೆಯಲ್ಲಿ ಹುಳಿಯಿತು. ಜೇತುನ್‌ಬೆನ್ನಳದು ಎದುರು ಮನೆಯಲ್ಲಿ ಹಾಗೇ ನುಣುಪಾಗಿತ್ತು. ಅವಳು ಮೂಸಿದಳು, ಬೆರಳದ್ದಿ ನೋಡಿದಳು, ಮತ್ತೆ ಮೂಸಿದಳು.

ಆದರೂ ಸೋಲಲು ಮನಸ್ಸಿಲ್ಲ. "ತಾಡಪತ್ರಿ ತೆಗೆದ್ರೆ ಮಳೆ ಸೋರಲ್ವಾ?"

"ಮೊದಲು ಬಿರುಕು ಮುಚ್ಚಿಸು. ಆಮೇಲೆ ನೀರಲ್ಲಿ ತೊಳೆದು, ಸೂರಿಗಂತಲೇ ಸಿಗೋ ಬಿಳಿ ಬಣ್ಣ ಎರಡು ಕೈ ಹೊಡೆಸು. ಶೀಟಿನ ಮೇಲೆ ನೇರ ಕಾಲಿಡಬಾರದು, ಮುರಿಯುತ್ತೆ. ಹಲಗೆ ಹಾಕ್ಕೊಂಡು ಕೆಲಸ ಮಾಡ್ಬೇಕು. ಮುಂದಿನ ಬೇಸಿಗೆಗೆ ಮುಂಚೆ ಧೂಳು ತೊಳೆದು, ಮಾಸಿದ ಕಡೆ ಮತ್ತೆ ಬಳಿದ್ರಾಯ್ತು."

"ನಾನೂ ಇದೇ ಸೂರಿನಡಿ ಬಸುರಿಯಾಗಿ ಹೆತ್ತವಳೇ..." ಜೇತುನ್‌ಬೆನ್ ಮಾತು ಅಲ್ಲೇ ತುಂಡಾಯಿತು. ಮೂರು ಹೆತ್ತಿದ್ದಳು, ಎರಡು ಉಳಿದಿದ್ದವು. ಇಂಥದೇ ಬೇಸಿಗೆಯಲ್ಲಿ ಹುಟ್ಟಿದ ಒಂದು, ಅಳಲೇ ಇಲ್ಲ. ಅವಳ ಕಣ್ಣು ತುಂಬಿತು.

ಹಂಸಾಬೆನ್ ಅವಳ ಕೈ ಹಿಡಿದಳು. "ಅದಕ್ಕೆ ಸೆಖೆಯೇ ಕಾರಣ ಅಂತ ನಾನು ಹೇಳಲಾರೆ ಬೆನ್. ಆದ್ರೆ ಬಸುರಿಗೆ ಕಾವು ಒಳ್ಳೇದಲ್ಲ. ಆಗ ಯಾರಿಗೂ ಗೊತ್ತಿರ್ಲಿಲ್ಲ, ಈಗ ಗೊತ್ತಿದೆ."

ಜೇತುನ್‌ಬೆನ್ ಸೆರಗಲ್ಲಿ ಮುಖ ಒರೆಸಿಕೊಂಡಳು. "ಬಣ್ಣದವನನ್ನ ಇವತ್ತೇ ಕರೆಸು."

ಬಣ್ಣ ಒಣಗುವವರೆಗೆ ತಸ್ಲೀಮ್ ಎದುರು ಮನೆಯಲ್ಲೇ ಇದ್ದಳು. ಮನೆಗೆ ಬಂದ ದಿನ ಹೊರಗೆ ಅದೇ ಬಿಸಿಲು, ಒಳಗೆ ಬೆವರು ಇತ್ತು, ಆದರೆ ಬೇಗೆ ಇರಲಿಲ್ಲ. ಮಜ್ಜಿಗೆ ಕುಡಿದು ಮಲಗಿದವಳು ತಟ್ಟನೆ ಅತ್ತೆಯ ಕೈಯನ್ನು ಹೊಟ್ಟೆ ಮೇಲೆ ಇಟ್ಟುಕೊಂಡಳು.

"ಅಮ್ಮೀ, ಗೊತ್ತಾಯ್ತಾ?"

"ಗೊತ್ತಾಗದೇ ಇರುತ್ತಾ! ಏನು ಒದೀತಾನೆ ಕಳ್ಳ!" ಜೇತುನ್‌ಬೆನ್ ನಗುತ್ತ ಅತ್ತಳು.

ಓದುತ್ತಿರುವ ಅಕ್ಕ, ತಂಗಿ, ಅಣ್ಣಂದಿರೇ, ಈ ಬೇಸಿಗೆ ಸೂರಿಗೆ ಬಿಳಿ ಬಣ್ಣ ಬಳಿಸಿ. ನಡುಮಧ್ಯಾಹ್ನ ಭಾರದ ಕೆಲಸ ನಿಲ್ಲಿಸಿ, ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ಬಿಸಿಲಿಗೆ ಯಾರಾದರೂ ಮೈ ಕಾವೇರಿ ಮಾತು ತೊದಲಿದರೆ, ಎಚ್ಚರ ತಪ್ಪಿದರೆ, ನೆರಳಿಗೆ ತಂದು ಮೈಗೆ ತಣ್ಣೀರು ಹಾಕುತ್ತ ಕೂಡಲೇ 108ಕ್ಕೆ ಕರೆ ಮಾಡಿ. ನಿಮ್ಮ ಮನೆಯ ಬಸುರಿ "ಸೆಖೆ ತಡೆಯೋಕಾಗ್ತಿಲ್ಲ" ಎಂದರೆ, "ಎಲ್ಲರಿಗೂ ಸೆಖೆಯೇ" ಎನ್ನಬೇಡಿ. ಅಲ್ಲಿ ಎರಡು ಜೀವ ಬೇಯುತ್ತಿರುತ್ತವೆ, ಮಾತಾಡಬಲ್ಲದ್ದು ಒಂದೇ.