ಮುಂದಿನ ವಾರದಿಂದ ಹಾಕಿಕೊಡುತ್ತೇವೆ

ನಮ್ಮ ಕಾರ್ಖಾನೆಯಲ್ಲಿ ನನಗೆ ‘ವಿಷದ ಮೇಡಂ’ ಎಂದು ಹೆಸರು. ಮಾಡುವ ಕೆಲಸಕ್ಕೆ ತಕ್ಕ ಹೆಸರೇ, ನನ್ನದೇನೂ ತಕರಾರಿಲ್ಲ. ಮನೆಗಳಲ್ಲಿ ಇಂಟರ್ನೆಟ್‌ಗೆಂದು ಇಡುತ್ತಾರಲ್ಲ, ಆ ಸಣ್ಣ ಪೆಟ್ಟಿಗೆಗಳನ್ನು ನಾವು ತಯಾರಿಸುತ್ತೇವೆ. ಒಂದು ಪೆಟ್ಟಿಗೆಗೆ ಅರವತ್ತಮೂರು ಕಡೆಯಿಂದ ಬಿಡಿಭಾಗಗಳು ಬರುತ್ತವೆ. ಆ ಅರವತ್ತಮೂರು ಜನರಿಂದಲೂ ‘ನಮ್ಮ ಮಾಲಿನಲ್ಲಿ ಸೀಸ ಇಲ್ಲ, ಪಾದರಸ ಇಲ್ಲ’ ಎಂದು ಬರೆಸಿಕೊಳ್ಳುವುದು ನನ್ನ ಕೆಲಸ. ನಿಷೇಧದ ಪಟ್ಟಿಯಲ್ಲಿ ಇನ್ನೂರ ನಲವತ್ತು ಹೆಸರುಗಳಿವೆ. ಕೆಲವು ಎಷ್ಟು ಉದ್ದವೆಂದರೆ ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗಿರುತ್ತದೆ.

ಮೂರು ವರ್ಷದಿಂದ ನಾನು ಅಲ್ಲಿ ಹಂಗಾಮಿ. ಈ ಸಲ ಮ್ಯಾನೇಜರ್ ಕರೆದು ಹೇಳಿದರು: “ಶುಕ್ರವಾರದೊಳಗೆ ಅರವತ್ತಮೂರಕ್ಕೆ ಅರವತ್ತಮೂರೂ ‘ಇಲ್ಲ’ ಬಂದುಬಿಟ್ರೆ, ನಿಮ್ಮನ್ನ ಕಾಯಂ ಮಾಡಿಸೋ ಜವಾಬ್ದಾರಿ ನಂದು ಮೇಡಂ.”

ಬುಧವಾರದ ಹೊತ್ತಿಗೆ ಅರವತ್ತೆರಡು ಬಂದವು. ಒಬ್ಬ ಮಹಾನುಭಾವನಂತೂ ನನ್ನ ಇಮೇಲ್ ತಲುಪಿದ ನಾಲ್ಕೇ ನಿಮಿಷದಲ್ಲಿ ಇನ್ನೂರ ನಲವತ್ತು ‘ಇಲ್ಲ’ ತುಂಬಿ ಕಳಿಸಿದ್ದ. ಅಂಥವರನ್ನು ಕಂಡರೆ ನನಗೆ ಪ್ರಾಣ.

ಉಳಿದದ್ದು ನನ್ನ ಚಿಕ್ಕಪ್ಪ. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸುವ ನಾಲ್ಕು ಪುಟ್ಟ ರಬ್ಬರ್ ಪಾದಗಳನ್ನು ಮಾಡಿಕೊಡುವವರು ಅವರು. ಆರ್ಡರು ಕೊಡಿಸಿದವಳು ನಾನೇ. ಗಿರಾಕಿಗೆ ಆಗುವುದಿಲ್ಲ ಎಂದು ಹೇಳಿ ಅವರಿಗೆ ಅಭ್ಯಾಸವೇ ಇಲ್ಲ. ಚಂದ್ರನಿಗೆ ಪಾದ ಬೇಕು ಎಂದರೂ ಅಳತೆ ಕೇಳುವ ಮನುಷ್ಯ.

ಗುರುವಾರ ಬೆಳಿಗ್ಗೆ ಅವರ ಪತ್ರ ಬಂತು. ಸೀಸದ ಮುಂದೆ ಮುದ್ದಾದ ಅಕ್ಷರದಲ್ಲಿ ಹೀಗೆ ಬರೆದಿದ್ದರು: ‘ಸದ್ಯ ಹಾಕುತ್ತಿಲ್ಲ. ತಾವು ಬಯಸಿದಲ್ಲಿ ಮುಂದಿನ ವಾರದಿಂದ ಹಾಕಿಕೊಡುತ್ತೇವೆ.’ ಪಾದರಸದ ಮುಂದೆ, ‘ಸಿಗುವುದು ಕಷ್ಟ, ಆದರೂ ತಮಗಾಗಿ ಹುಡುಕಿಸುತ್ತೇವೆ.’ ಕ್ಯಾಡ್ಮಿಯಂ ಮುಂದೆ, ‘ಎಷ್ಟು ಬೇಕು ತಿಳಿಸಿ.’ ಹೀಗೆಯೇ ಆರು ಪುಟ. ಕೊನೆಯಲ್ಲಿ ಒಂದು ವಿನಂತಿ: ‘ಇಷ್ಟನ್ನೂ ಸೇರಿಸಿದರೆ ಪಾದ ತುಸು ದಪ್ಪವಾಗಬಹುದು. ದಯವಿಟ್ಟು ಬೇಸರ ಮಾಡಿಕೊಳ್ಳಬಾರದು.’

ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಶುಕ್ರವಾರ ನೆನಪಾಗಿ ಆಟೋ ಹಿಡಿದೆ.

ಚಿಕ್ಕಪ್ಪನ ಕಾರ್ಖಾನೆ ಎಂದರೆ ಮನೆಯ ಹಿಂದಿನ ತಗಡಿನ ಶೆಡ್ಡು. ಒಳಗೆ ಎರಡು ಬಿಸಿ ಅಚ್ಚಿನ ಯಂತ್ರಗಳು, ಸುಟ್ಟ ರಬ್ಬರಿನ ವಾಸನೆ. ಮೂಲೆಯ ಸ್ಟೂಲಿನಲ್ಲಿ ಚಿಕ್ಕಮ್ಮ ಕೂತು, ಅಚ್ಚಿನಿಂದ ಬಂದ ಪಾದಗಳ ಅಂಚನ್ನು ಕತ್ತರಿಯಲ್ಲಿ ಕತ್ತರಿಸುತ್ತಿದ್ದರು.

“ಚಿಕ್ಕಪ್ಪಾ, ಇದು ಹಾಕ್ಬೇಕಾದ ಪಟ್ಟಿ ಅಲ್ಲ. ಹಾಕಬಾರದ ಪಟ್ಟಿ!” ಎಂದೆ.

“ಹಾಕಬಾರದ್ದನ್ನ ಯಾರಾದ್ರೂ ಬರೆದು ಕಳಿಸ್ತಾರಾ?” ಚಿಕ್ಕಪ್ಪನಿಗೆ ನನ್ನ ಮೇಲೇ ಅನುಮಾನ. “ನಿಮ್ಮ ಚಿಕ್ಕಮ್ಮ ನನ್ನನ್ನ ಅಂಗಡಿಗೆ ಕಳಿಸುವಾಗ ಚೀಟಿ ಕೊಡ್ತಾಳೆ. ಅದರಲ್ಲಿ ಬೇಡದ ಸಾಮಾನೆಲ್ಲ ಬರೀತಾಳಾ?”

“ಬರೀಬೇಕಿತ್ತು,” ಚಿಕ್ಕಮ್ಮ ಕತ್ತರಿ ನಿಲ್ಲಿಸದೆ ಹೇಳಿದರು. “ಪ್ರತಿ ಸಲ ಬೇಡದ್ದನ್ನೇ ಹೊತ್ಕೊಂಡು ಬರ್ತಾರೆ.”

ಅಂತೂ ಹೊಸ ಹಾಳೆ ತೆಗೆದೆ. ನಾನು ಹೆಸರು ಓದುವುದು, ಚಿಕ್ಕಪ್ಪ ‘ಇಲ್ಲ’ ಬರೆಯುವುದು. ಒಂದೊಂದು ‘ಇಲ್ಲ’ಕ್ಕೂ ಗಿರಾಕಿಯನ್ನು ಬಾಗಿಲಿನಿಂದ ವಾಪಸು ಕಳಿಸಿದಂತೆ ಅವರ ಮುಖ ಸಪ್ಪಗಾಗುತ್ತಿತ್ತು. ಅರ್ಧ ಪಟ್ಟಿ ದಾಟಿದ ಮೇಲೆ ಒಂದು ಉದ್ದನೆಯ ಹೆಸರಿಗೆ ಅವರ ಪೆನ್ನು ನಿಂತಿತು.

“ಇದನ್ನ ಇನ್ನೊಂದ್ಸಲ ಓದು.”

ಓದಿದೆ. ಅವರು ಎದ್ದು ಹೋಗಿ ಯಂತ್ರದ ಹಿಂದಿನಿಂದ ಜಿಡ್ಡು ಹಿಡಿದ ದೊಡ್ಡ ಡಬ್ಬಿಯನ್ನು ಉರುಳಿಸಿಕೊಂಡು ಬಂದರು. ಕನ್ನಡಕ ಒರೆಸಿಕೊಂಡು, ಡಬ್ಬಿಯ ಮೇಲಿನ ಹೆಸರನ್ನೂ ನನ್ನ ಹಾಳೆಯ ಹೆಸರನ್ನೂ ಬೆರಳಿಟ್ಟು ಅಕ್ಷರ ಅಕ್ಷರವಾಗಿ ತಾಳೆ ನೋಡಿದರು.

“ಇದು ಹಾಕ್ತೀವಿ ಕಣಮ್ಮ. ಮಾಲು ಮೆತ್ತಗಾಗೋಕೆ ಹಾಕೋ ಎಣ್ಣೆ. ಮೊದಲಿಂದಲೂ ಇದೇ.”

ನನ್ನ ಮೂರು ವರ್ಷದ ಕಾಯುವಿಕೆ ಒಂದು ಡಬ್ಬಿಯಲ್ಲಿ ಮುಳುಗುತ್ತಿತ್ತು. ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದೆ: “ಚಿಕ್ಕಪ್ಪ, ಎಲ್ಲರೂ ಇಲ್ಲ ಅಂತಾನೇ ಬರೆಯೋದು. ನೀವೂ ಬರೆದುಬಿಡಿ. ಯಾರೂ ಬಂದು ಡಬ್ಬಿ ನೋಡಲ್ಲ.”

“ನೋಡಲ್ವಾ?”

“ಇಲ್ಲ.”

“ಮತ್ತೆ ಇಷ್ಟುದ್ದ ಕೇಳೋದ್ಯಾಕೆ?”

ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದೆ.

“ಅದಿರಲಿ, ಇದರಲ್ಲಿ ಅಂಥದ್ದೇನಿದೆ?” ಎಂದರು.

“ಮೈಗೆ ಒಳ್ಳೇದಲ್ಲ ಅಂತಾರೆ. ಹೆಚ್ಚು ಮುಟ್ಟಬಾರದಂತೆ.”

“ಇವಳು ಹದಿನೈದು ವರ್ಷದಿಂದ ಇದನ್ನ ಬರಿಗೈಲೇ ಕಲಸ್ತಿದ್ದಾಳಲ್ಲೇ!”

ಕತ್ತರಿಯ ಸದ್ದು ನಿಂತಿತು. ಚಿಕ್ಕಮ್ಮ ತಮ್ಮ ಕೈಗಳನ್ನು ಮುಂದೆ ಚಾಚಿ, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುಗಿಸಿ ನೋಡಿಕೊಂಡರು. ಮೊಣಕೈವರೆಗೂ ಜಿಡ್ಡು ಮಿನುಗುತ್ತಿತ್ತು. ಬೈಯಲಿಲ್ಲ, ಅಳಲಿಲ್ಲ. “ಮೊದಲೇ ಹೇಳೋದಲ್ವಾ ಮಗಳೇ,” ಎಂದರು ಅಷ್ಟೇ.

ಇನ್ನೂರ ನಲವತ್ತು ವಿಷ ಬಾಯಿಪಾಠ ಇಟ್ಟುಕೊಂಡವಳು ನಾನು. ಈ ಶೆಡ್ಡಿನಲ್ಲಿ ಕೂತು ಎಷ್ಟು ಸಲ ಕಾಫಿ ಕುಡಿದಿಲ್ಲ! ನಾಚಿಕೆಯಿಂದ ನೆಲ ನೋಡಿದೆ. ‘ಇದೆ’ ಎಂದು ಚಿಕ್ಕಪ್ಪನ ಕೈಯಲ್ಲೇ ಬರೆಸಿದೆ. ಪಕ್ಕದ ಔಷಧಿ ಅಂಗಡಿಯಿಂದ ಎರಡು ಡಬ್ಬಿ ಕೈಗವಸು ತಂದುಕೊಟ್ಟು, ಮುಖ ತೋರಿಸಲಾಗದೆ ಹೊರಟೆ.

ಶುಕ್ರವಾರ ಮ್ಯಾನೇಜರ್ ಆ ಹಾಳೆ ನೋಡಿ ಕುರ್ಚಿಯಿಂದ ಅರ್ಧ ಎದ್ದರು. “ಅರವತ್ತೆರಡು ಜನಕ್ಕೆ ಇಲ್ಲದ ರೋಗ ನಿಮ್ಮ ಚಿಕ್ಕಪ್ಪನಿಗೇನ್ರೀ? ಒಂದಕ್ಷರ ತಿದ್ದಿದ್ರೆ ನೀವು ಕಾಯಂ!” ಎಂದು ತಮ್ಮ ಪೆನ್ನನ್ನೇ ಮುಂದೆ ಚಾಚಿದರು.

“ಅರವತ್ತೆರಡು ಜನಕ್ಕೆ ರೋಗ ಇಲ್ಲ ಅಂತ ನಂಗೆ ಗೊತ್ತಿಲ್ಲ ಸಾರ್. ನಾನು ಯಾರ ಡಬ್ಬೀನೂ ನೋಡಿಲ್ಲ,” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಮಾತು ಹೊರಬಿದ್ದಾಗಿತ್ತು.

ಹೊರಡಬೇಕಿದ್ದ ಪೆಟ್ಟಿಗೆಗಳ ಲೋಡು ಮೂರು ವಾರ ಗೋದಾಮಿನಲ್ಲೇ ಕೂತಿತು. ಚಿಕ್ಕಪ್ಪ ಬೇರೆ ಎಣ್ಣೆ ಹುಡುಕಿದರು. ಮೊದಲ ಸಲದ ಪಾದಗಳು ಕಲ್ಲಿನಂತಿದ್ದವು, ಎರಡನೆಯ ಸಲ ಸರಿಹೋದವು. ನನ್ನ ಕೈಗೆ ಬಂದ ಪತ್ರದಲ್ಲಿ ಇನ್ನೊಂದು ವರ್ಷ ಹಂಗಾಮಿ ಎಂದಿತ್ತು. ಕೆಳಗೆ ಮ್ಯಾನೇಜರ್ ಸಿಟ್ಟಿನಲ್ಲಿ ಕೈಯಾರೆ ಬರೆದ ಒಂದು ಸಾಲು: ‘ಇನ್ನು ಮುಂದೆ ಉಳಿದ ಅರವತ್ತೆರಡು ಕಡೆಯೂ ಇವರೇ ಖುದ್ದಾಗಿ ಹೋಗಿ ನೋಡಿ ಬರತಕ್ಕದ್ದು.’

ಶಿಕ್ಷೆಯೆಂದೇ ಕೊಟ್ಟಿದ್ದು. ಇದುವರೆಗೆ ಹತ್ತೊಂಬತ್ತು ಕಡೆ ಹೋಗಿ ಬಂದಿದ್ದೇನೆ. ಏಳು ಕಡೆ ಡಬ್ಬಿ ಸಿಕ್ಕಿದೆ.